ಬಿಚ್ಚಿ ನೋಡಿದ ಕಸಿ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಮಾವಿನ ಸೊನೆ ತಗಲಿ ತಗಲಿ ಸುತ್ತಲಿನ ಚರ್ಮವೂ ಸುಟ್ಟಂತಾಗಿತ್ತು. ಕಸಿ ಕಟ್ಟುವಾಗ ಆ ಹೆಬ್ಬೆರಳನ್ನೇ ಕಡ್ಡಿಗೆ ಆಸರೆಯಾಗಿಟ್ಟು, ಒಂದೇ ಸಲ ಚೂರಿ ಎಳೆಯುತ್ತಿದ್ದರು. ಎರಡನೆಯ ಸಲ ಎಳೆದದ್ದನ್ನು ನಾನು ನೋಡಿಲ್ಲ.

ಶಹಾಬಾದದ ನಮ್ಮ ಹೈಸ್ಕೂಲಿನಲ್ಲಿ ಅವರು ಮಾಲಿ. ಊರು ತೆಂಗಳಿ. ಎಲ್ಲರಿಗೂ ಕಾಕಾ. ಜೀವಶಾಸ್ತ್ರ ಕಲಿಸಲು ಹೊಸದಾಗಿ ಬಂದಿದ್ದ ನನಗೆ ಪುಸ್ತಕದ ಗರ್ವ ತುಸು ಹೆಚ್ಚೇ ಇತ್ತು. ಅವರು ಕಟ್ಟಿದ ಕಸಿಯ ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದೆ: "ಕಾಕಾ, ಕೊಯ್ದಲ್ಲಿ ಜೀವಕೋಶ ಒಂದು ಎರಡಾಗಿ, ಎರಡು ನಾಕಾಗಿ ಗಾಯ ತುಂಬತಾವ. ಆಮ್ಯಾಲ ಅದರಾಗ ಕೆಲವು ನೀರು ಏರಸೋ ನಾಳ ಆಗ್ತಾವ, ಕೆಲವು ತೊಗಟಿ ಆಗ್ತಾವ."

ಅವರು ಪೂರ್ತಿ ಕೇಳಿಸಿಕೊಂಡು, "ಹೌದ್ರಿ ಮೇಡಂ, ಈಗ ಕಡ್ಡಿ, ಸಸಿ ಎರಡೂ ಮಾತಾಡಲಿಕತ್ತಾವ. ನಡಕ ನಾವು ಬಾಯಿ ಹಾಕಬಾರ್ದು" ಎನ್ನುತ್ತಿದ್ದರು. ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಎರಡು ತಿಂಗಳು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಹೋದ ಹೆಡ್‌ಮಾಸ್ತರರೂ ಒಮ್ಮೆ ಬೈಸಿಕೊಂಡಿದ್ದರು.

ಹೊಸ ಕೋಣೆಗಾಗಿ ಅಂಗಳದ ಮಾವಿನ ಮರ ಕಡಿಯುವುದೆಂದು ತೀರ್ಮಾನವಾಯಿತು. ನೌಕರಿಗೆ ಸೇರಿದ ವರ್ಷ ಕಾಕಾ ತಾವೇ ನೆಟ್ಟ ಮರ ಅದು. ಅವರು ಜಗಳಾಡಲಿಲ್ಲ. ಕೊಡಲಿ ಬೀಳುವ ಮುನ್ನಾ ದಿನ ಅದರ ಕಡ್ಡಿ ಕೊಯ್ದು ತಂದು ನಾಲ್ಕು ಸಸಿಗಳಿಗೆ ಕಸಿ ಕಟ್ಟಿದರು. ವಾರದೊಳಗೆ ಮೂರು ಬಿಸಿಲಿಗೆ ಒಣಗಿದವು. ನಾಲ್ಕನೆಯದು ಹಸಿರಾಗಿಯೇ ನಿಂತಿತು. "ಮರ ಇನ್ನ ಇದರಾಗೇ ಉಳದದ ಮೇಡಂ" ಎಂದು ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದರು.

ಕಸಿ ಕಟ್ಟಿ ಮೂರು ವಾರವಾಗುವ ಹೊತ್ತಿಗೆ ಶಾಲೆಗೆ ಹೊಸ ಸೂಕ್ಷ್ಮದರ್ಶಕ ಬಂತು. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಕಾಕಾ ಎರಡು ದಿನ ಊರಿಗೆ ಹೋದರು. ನನಗೆ ಕೈ ಸುಮ್ಮನಿರಲಿಲ್ಲ. ಪಟ್ಟಿ ಬಿಚ್ಚಿದೆ. ಕೂಡಿದ ಜಾಗದಿಂದ ಬ್ಲೇಡಿನಲ್ಲಿ ತೆಳ್ಳನೆಯ ಚೂರು ತೆಗೆದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ನೋಡಿದೆ. ಅಬ್ಬಾ! ಎರಡೂ ಕಡೆಯಿಂದ ಎಳೆಯ ಕೋಶಗಳು ಒತ್ತೊತ್ತಾಗಿ ಬೆಳೆದು ಒಂದನ್ನೊಂದು ಮುಟ್ಟಿದ್ದವು. ಮೊಬೈಲಿನಲ್ಲಿ ಫೋಟೋ ಹಿಡಿದೆ. ಪಟ್ಟಿಯನ್ನು ಮೊದಲಿದ್ದಂತೆಯೇ ಸುತ್ತಿಟ್ಟೆ. ಮೊದಲಿದ್ದಂತೆಯೇ ಸುತ್ತಿದ್ದೇನೆ ಅಂದುಕೊಂಡೆ.

ಐದು ದಿನಕ್ಕೆ ಕಡ್ಡಿ ಕಂದಿತು. ಆಮೇಲೆ ಕಪ್ಪಾಯಿತು. ಕಾಕಾ ಸಸಿಯ ಮುಂದೆ ಪರಸಿ ಕಲ್ಲಿನ ಮೇಲೆ ಕೂತು ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು.

"ಬಿಸಿಲಿಗಿ ಆಗಿದ್ರ ಅವು ಮೂರರ ಜೋಡಿನೇ ಹೋಗ್ತಿತ್ತು. ಇಷ್ಟ್ ದಿನ ನಿಂತು ಹೋಗ್ಯದ ಅಂದ್ರ ನನ್ನ ಕೈನೇ ತಪ್ಪ್ಯದ. ನೀವು ಓದಿದವರು, ಹೇಳ್ರಿ. ಹೌದಲ್ಲ?"

ನಾನು "ಇರಬಹುದು ಕಾಕಾ" ಎಂದೆ.

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಇರಬಹುದು ಎಂದೆ. ಅಂದಿನಿಂದ ಅವರು ಚೂರಿ ಮುಟ್ಟಲಿಲ್ಲ. ಕಸಿ ಕಟ್ಟಿಕೊಡಿ ಎಂದು ಸೇಡಂ ಕಡೆಯಿಂದ ಬಂದವರಿಗೂ "ಕೈ ಹೋಗ್ಯದರಿ" ಎಂದು ಹೇಳಿ ಕಳಿಸುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ.

ನಿವೃತ್ತಿಯಾದ ಮೇಲೆ ಅವರು ಹಾಸಿಗೆ ಹಿಡಿದರೆಂದು ತಿಳಿಯಿತು. ನಿಜ ಹೇಳಿಬಿಡಬೇಕೆಂದೇ ತೆಂಗಳಿಗೆ ಹೋದೆ. ಅಂದಿನ ಫೋಟೋ ತೋರಿಸಿ ಶುರು ಮಾಡೋಣವೆಂದು ಮೊಬೈಲು ಅವರ ಮುಖದ ಹತ್ತಿರ ಹಿಡಿದೆ.

"ಕಸಿ ಒಳಗ ಹಿಂಗ ಕಾಣತದ ಕಾಕಾ."

ತುಂಬ ಹೊತ್ತು ನೋಡಿದರು. ಕಣ್ಣು ಅರಳಿತು. "ಆಹಾ! ನಡಕ ಕೂದಲ ಸೈತ ಹೋಗಲಾರದಂಗ ಕೂಡಿಸ್ಯಾರ ನೋಡ್ರಿ. ಕೈ ಭಾಳ ಛಲೋ ಅದ. ಯಾರು ಕಟ್ಟ್ಯಾರರಿ ಇದು?"

ಸೊಸೆ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ನಾಲಿಗೆ ಮತ್ತೊಮ್ಮೆ ಹೇಡಿಯಾಯಿತು.

"ಚಿತ್ತಾಪುರ ಕಡಿಯವರು ಯಾರೋ, ಕಾಕಾ."

"ಅವರಿಗಿ ನನ್ನ ಶರಣು ಹೇಳ್ರಿ."

"ಹೂಂ, ಹೇಳ್ತೀನಿ" ಎಂದೆ.

ಎಂಟನೆಯ ದಿನ ಅವರು ತೀರಿಕೊಂಡರು. ತಮ್ಮ ಕೈ ಕೆಟ್ಟಿತೆಂದು ನಂಬಿಕೊಂಡೇ ಹೋದರು. ನಂಬಿಸಿದವಳು ನಾನು.