ಐರ್ಲೆಂಡಿನ ಹುಲ್ಲಿನಲ್ಲಿ ಕಾಕಾನ ಕರಡಿಗೆ

ಜೂನ್ ಎಂಟರಂದು ಬೆಳಿಗ್ಗೆ ಐದೂವರೆಗೆ ಜೇವರ್ಗಿ ಬಿಟ್ಟೆವು. ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಸುಮಾರು ಇನ್ನೂರ ಅರವತ್ತು ಕಿಲೋಮೀಟರ್. ಕಲಬುರಗಿಯಲ್ಲಿ ಒಂದು ಚಹಾ, ದಾರಿಯಲ್ಲಿ ಒಂದು ಊಟ ಸೇರಿ ಆರು ತಾಸು ಹತ್ತು ನಿಮಿಷ ಹಿಡಿಯಿತು.

ನನ್ನ ಕಾಕಾ ಮಲ್ಲಿನಾಥ ಜೇವರ್ಗಿಯಲ್ಲಿ ಬೀಜ ಮತ್ತು ಕ್ರಿಮಿನಾಶಕದ ಅಂಗಡಿ ಇಟ್ಟವರು. ತೊಗರಿ, ಹತ್ತಿ ಬೀಜ ಹೆಚ್ಚು ಮಾರಿದ ಡೀಲರುಗಳನ್ನು ಒಂದು ಕಂಪನಿ ಈ ಸಲ ಎಂಟು ದಿನ ಐರ್ಲೆಂಡಿಗೆ ಕರೆದೊಯ್ಯುತ್ತಿತ್ತು. ಬಂದ ಕಾಗದದಲ್ಲಿ ‘ಗಾಲ್ಫ್ ಮತ್ತು ಹಳ್ಳಿಗಾಡಿನ ಐಷಾರಾಮಿ ಪ್ರವಾಸ, ಇಬ್ಬರಿಗೆ’ ಎಂದಿತ್ತು. ಗಾಲ್ಫ್ ಅಂದರೇನೆಂದು ಕಾಕಾ ನನ್ನನ್ನು ಕೇಳಿದರು. ಕೋಲಿನಿಂದ ಚೆಂಡು ಹೊಡೆದು ದೂರದ ಕುಣಿಯಲ್ಲಿ ಬೀಳಿಸುವುದು ಎಂದೆ.

"ಅಂದ್ರ ನಮ್ಮ ಹುಡುಗರ ಚಿಣಿಪಣಿ ಆಟ. ಅದಕ್ಕ ಅಷ್ಟು ದೂರ ಯಾಕ ಹೋಗಬೇಕು?" ಅಂದರು. ಆದರೂ ಮರುದಿನವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದರು.

ಕಾಕಿ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದದ್ದರಿಂದ ಎರಡನೆಯ ಚೀಟಿ ನನಗೆ ಬಂತು. ನನಗೆ ಇಪ್ಪತ್ತಮೂರು. ಬಿ.ಕಾಂ. ಮುಗಿಸಿ ಅಫಜಲಪುರದ ಮನೆಯಲ್ಲಿದ್ದೆ, ಕಾಕಾನ ಅಂಗಡಿಯ ಲೆಕ್ಕ ಬರೆಯಲು ಆಗಾಗ ಜೇವರ್ಗಿಗೆ ಬರುತ್ತಿದ್ದೆ. ಇಂಗ್ಲಿಷ್ ಬರುತ್ತದೆ, ಹೊತ್ತಿಗೆ ಸರಿಯಾಗಿ ಎಲ್ಲ ಬರೆದಿಡುತ್ತೇನೆ ಎಂಬುದು ನನ್ನ ಅರ್ಹತೆ. ಕಾಕಾನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ನಾಲ್ಕು ವರ್ಷದಿಂದ ಬೆಳಿಗ್ಗೆ ಇನ್ಸುಲಿನ್. ಕಾಕಿ ಸೂಜಿಯ ಪೆನ್ನು, ರಕ್ತ ನೋಡುವ ಯಂತ್ರ, ವಿಭೂತಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ನನ್ನ ಚೀಲಕ್ಕೆ ತುಂಬಿದರು.

"ಇವರನ್ನ ಹೆಂಗ ಕಳಿಸಾಕತ್ತೇನೋ ಹಂಗ ವಾಪಸ್ ತರಬೇಕು ನೋಡವ್ವ," ಅಂದರು. ಆ ಮಾತನ್ನೂ ದಿನಚರಿಯಲ್ಲಿ ಬರೆದಿಟ್ಟೆ.

ಹೈದರಾಬಾದಿನಿಂದ ದೋಹಾ, ದೋಹಾದಿಂದ ಡಬ್ಲಿನ್. ಎರಡು ವಿಮಾನ ಸೇರಿ ಹನ್ನೆರಡು ತಾಸು. ನಾನು ನಿದ್ದೆ ಮಾಡಿದ್ದು ಒಟ್ಟು ಐವತ್ತು ನಿಮಿಷ. ಡಬ್ಲಿನ್‌ನಲ್ಲಿ ಹದಿಮೂರು ಡಿಗ್ರಿ, ಜಿಟಿಜಿಟಿ ಮಳೆ. ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನರಿದ್ದರು. ಕಾಕಾನಿಗೆ ಗುರುತಿದ್ದವರು ಒಬ್ಬರೇ, ಆಳಂದದ ಡೀಲರ್ ಖಾಜಾಸಾಬ್. ಇಬ್ಬರೂ ಮೂವತ್ತು ವರ್ಷದ ಗೆಳೆಯರು, ಅಷ್ಟೇ ವರ್ಷದ ಪೈಪೋಟಿ.

ಮರುದಿನ ಬಸ್ಸಿನಲ್ಲಿ ಪಶ್ಚಿಮದ ಕ್ಲೇರ್ ಸೀಮೆಗೆ ಹೋದೆವು. ನಾಲ್ಕು ತಾಸಿನ ದಾರಿ. ಎರಡೂ ಕಡೆ ಹುಲ್ಲು, ಹುಲ್ಲಿನಲ್ಲಿ ಕುರಿ, ಹೊಲದಿಂದ ಹೊಲಕ್ಕೆ ಕಲ್ಲು ಪೇರಿಸಿದ ಗೋಡೆ. ಒಂದು ಕಡೆ ನೆಲವೆಲ್ಲ ಬೂದು ಬಣ್ಣದ ಚಪ್ಪಡಿಯಾಗಿತ್ತು. ಕಾಕಾ ಕಿಟಕಿಗೆ ಮುಖ ಹಚ್ಚಿ, "ಇದು ನಮ್ಮ ಶಹಾಬಾದ್ ಫರಸಿನೇ ಅಲ್ಲೇನು?" ಅಂದರು.

"ಹೌದು ಮಲ್ಲಣ್ಣ. ನಿಮ್ಮವರ ಯಾರೋ ಇಲ್ಲಿ ತಂದು ಇಳಿಸಿ, ಗಿರಾಕಿ ಸಿಗದ ಬಿಟ್ಟು ಹೋಗ್ಯಾರ," ಅಂದರು ಖಾಜಾಸಾಬ್.

ಇಳಿದುಕೊಂಡದ್ದು ಹಳೆಯ ಕೋಟೆಯಂಥ ಹೋಟೆಲು. ಗಾಲ್ಫ್ ಬಯಲು ಅದರ ಹಿಂಬಾಗಿಲಿನಿಂದಲೇ ಶುರುವಾಗಿ ಕಡಲ ದಂಡೆಯವರೆಗೆ ಹಬ್ಬಿತ್ತು. ಹದಿನೆಂಟು ಕುಣಿ, ಒಂದೊಂದಕ್ಕೂ ಒಂದು ಬಾವುಟ. ನನಗೂ ಕಾಕಾನಿಗೂ ಒಂದೇ ಕೋಣೆ, ಎರಡು ಮಂಚ. ಚಹಾದ ತಾಟಿನಲ್ಲಿ ಸಕ್ಕರೆಯ ಸಣ್ಣ ಪೊಟ್ಟಣಗಳಿದ್ದವು.

ಜೂನ್ ಹನ್ನೊಂದರಂದು ಮಧ್ಯಾಹ್ನ ಆಟ ಕಲಿಸಿದರು. ಕಾಕಾ ಇಪ್ಪತ್ತೆರಡು ಸಲ ಕೋಲು ಬೀಸಿದರು. ಚೆಂಡಿಗೆ ತಾಗಿದ್ದು ಒಂಬತ್ತು. ಅವರ ಕೊರಳಿನಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಇದೆ, ಒಳಗೆ ಇಷ್ಟಲಿಂಗ. ಬೀಸಿದಾಗಲೆಲ್ಲ ಅದು ಗದ್ದಕ್ಕೆ ಬಡಿಯುತ್ತಿತ್ತು. ಕಲಿಸುವವನು ತೆಗೆದಿಟ್ಟು ಆಡಿ ಎಂದ. ಮೈಯಿಂದ ತೆಗೆಯುವಂತಿಲ್ಲ ಎಂದು ನಾನು ಹೇಳಿದೆ. ಕಾಕಾ ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿಕೊಂಡು, ಸ್ವೆಟರ್ ಎಳೆದುಕೊಂಡು ಮತ್ತೆ ಕೋಲು ಎತ್ತಿದರು. ನಾಲ್ಕನೆಯ ಕುಣಿಯ ತನಕ ಮಳೆಯಲ್ಲೇ ಆಡಿ, ದಣಿದು ಬಂದವರು ಊಟವೂ ಬೇಡವೆಂದು ಸ್ವೆಟರ್ ಸಮೇತ ಮಲಗಿಬಿಟ್ಟರು. ಇನ್ನೂ ಸಂಜೆ ಏಳೂವರೆ. ಮಳೆ ನಿಂತು ಹೊರಗೆ ಬಿಸಿಲಿತ್ತು.

ಹನ್ನೆರಡನೆಯ ತಾರೀಖಿನ ಬೆಳಗಿನದನ್ನು ನಾನು ನಿಮಿಷ ಹಾಕಿ ಬರೆದಿದ್ದೇನೆ.

ಕಾಕಾನ ನೇಮ ಹೀಗಿತ್ತು: ಸ್ನಾನ, ಅಂಗೈ ಮೇಲೆ ಲಿಂಗವಿಟ್ಟು ಪೂಜೆ, ಆಮೇಲೆ ಸೂಜಿ, ಆಮೇಲೆ ತಿಂಡಿ. ಪೂಜೆಯಾಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಆದರೆ ಅವತ್ತು ಏಳೂವರೆಗೆ ಬಸ್ಸು, ಟೂರ್ ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ್ದರು. ಸೂಜಿ ಈಗಲೇ ಆಗಲಿ, ಸ್ನಾನ ಪೂಜೆ ಮುಗಿಯುವ ಹೊತ್ತಿಗೆ ತಿಂಡಿಯ ಹೊತ್ತಾಗುತ್ತದೆ ಎಂದು ಕಾಕಾ ಲೆಕ್ಕ ಹಾಕಿದರು. ಆರು ನಲವತ್ತಕ್ಕೆ ನಾನೇ ಪೆನ್ನು ಕೈಗೆ ಕೊಟ್ಟೆ.

ಆರು ಐವತ್ತೈದಕ್ಕೆ ಸ್ನಾನದ ಮನೆಯೊಳಗಿಂದ ನನ್ನ ಹೆಸರು ಕರೆದರು. ಬಾಗಿಲು ತೆಗೆದಾಗ ಅವರ ಕೈಯಲ್ಲಿ ಶಿವದಾರ ಮಾತ್ರ ಇತ್ತು. ಗಂಟು ಬಿಚ್ಚಿಕೊಂಡಿತ್ತು.

"ಲೀಲಾ, ಲಿಂಗ ಇಲ್ಲ ಬೇ."

ಹಾಸಿಗೆ, ಸ್ವೆಟರ್, ಚೀಲ ಎಲ್ಲ ಝಾಡಿಸಿದೆವು. ಸಿಗಲಿಲ್ಲ. ನನ್ನ ತಲೆಯಲ್ಲಿ ಒಂದೇ ಓಡುತ್ತಿತ್ತು: ಇನ್ಸುಲಿನ್ ಮೈಗೆ ಹೋಗಿದೆ, ನಿನ್ನೆ ರಾತ್ರಿಯಿಂದ ಊಟವಿಲ್ಲ.

"ಕಾಕಾ, ಮೊದಲ ಏನರ ತಿನ್ರಿ. ಆಮ್ಯಾಲ ಹುಡುಕೋಣು."

"ಲಿಂಗ ಇಲ್ಲದ ತಿಂದ್ರ ಅದು ಊಟ ಅಲ್ಲ. ಸಿಗೂತನಕ ಒಂದ ಹನಿ ನೀರು ಕೇಳಬ್ಯಾಡ ನನಗ."

ಏಳು ಹತ್ತಕ್ಕೆ ರಕ್ತದ ಸಕ್ಕರೆ ನೋಡಿದೆ, ನೂರಾ ಇಪ್ಪತ್ತೊಂದು. ಎಪ್ಪತ್ತರ ಕೆಳಗೆ ಇಳಿದರೆ ಅಪಾಯ. ಜೇವರ್ಗಿಗೆ ಫೋನ್ ಮಾಡಿದೆ, ಕಾಕಿ ಎತ್ತಲಿಲ್ಲ. ಕಾಕಾ ಆಗಲೇ ಬೂಟು ಹಾಕಿಕೊಂಡು ಬಯಲಿಗೆ ಹೊರಟಿದ್ದರು. ಹಿಂದೆ ಓಡುವ ಮೊದಲು ರಕ್ತ ನೋಡುವ ಯಂತ್ರವನ್ನೂ ಚಹಾದ ತಾಟಿನಿಂದ ಸಕ್ಕರೆಯ ಪೊಟ್ಟಣಗಳನ್ನೂ ಕಿಸೆಗೆ ತುಂಬಿಕೊಂಡೆ.

ವಿಷಯ ಕೇಳಿ ಖಾಜಾಸಾಬ್ ಬಸ್ಸು ಬಿಟ್ಟು ನಮ್ಮ ಜೊತೆ ಬಂದರು. ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಒಬ್ಬ ಮುದುಕ ಎದುರಾದ. ಹೆಸರು ಮೈಕಲ್ ಎಂದ. ಕೋಳಿಮೊಟ್ಟೆಯಷ್ಟು ದೊಡ್ಡ ಬೆಳ್ಳಿ ಡಬ್ಬಿ ಎಂದು ಕೈಯಿಂದ ತೋರಿಸಿದೆ. ಬೆಲೆಬಾಳುವುದೇ ಎಂದು ಕೇಳಿದ. ಅದು ನಮ್ಮ ಕಾಕಾನ ದೇವರು, ಅದು ಸಿಗುವ ತನಕ ಅವರು ಉಣ್ಣುವುದಿಲ್ಲ ಎಂದೆ. ಅವನು ಇನ್ನೇನೂ ಕೇಳದೆ ಗಾಡಿ ಬಂದ್ ಮಾಡಿ ಕೆಳಗಿಳಿದ.

ನಿನ್ನೆ ಆಡಿದ ನಾಲ್ಕು ಕುಣಿಗಳ ದಾರಿಯನ್ನು ಹಂಚಿಕೊಂಡು ಹುಡುಕಿದೆವು. ಕತ್ತರಿಸಿದ ಜಾಗದಲ್ಲಿ ಹುಲ್ಲು ಜಮಖಾನೆಯಂತೆ ಇತ್ತು, ಅಂಚಿನಲ್ಲಿ ಮೊಣಕಾಲಿನ ತನಕ. ಕಡಲಿನ ಗಾಳಿಗೆ ಕಿವಿ ಮುಚ್ಚಿಹೋಗಿದ್ದವು. ಏಳು ನಲವತ್ತಕ್ಕೆ ಎಂಬತ್ತೆಂಟು. ಎಂಟು ಐದಕ್ಕೆ ಅರವತ್ತಾರು. ಬೆರಳು ಚುಚ್ಚುವುದಕ್ಕೆ ಕಾಕಾ ಬೇಡ ಅನ್ನಲಿಲ್ಲ. ಆದರೆ ಪೊಟ್ಟಣ ತೋರಿಸಿದರೆ ಮುಖ ತಿರುಗಿಸಿದರು.

"ಮಲ್ಲಣ್ಣ, ಜೀವ ಇದ್ರ ದೇವರು ಸಿಗತಾನ," ಅಂದರು ಖಾಜಾಸಾಬ್.

"ರಂಜಾನದಾಗ ನೀ ರೋಜಾ ಇದ್ದಾಗ ನಾ ನಿನಗ ಚಹಾ ಕುಡಿ ಅಂದೇನೇನು?"

"ನಾ ರೋಜಾದಾಗ ಸೂಜಿ ಚುಚ್ಚಿಕೊಂಡು ಗುಡ್ಡ ಹತ್ತಂಗಿಲ್ಲೋ."

ಎಂಟೂಕಾಲರ ನಂತರ ಕಾಕಾನ ಮಾತು ತೊದಲತೊಡಗಿತು. ಅಂಥ ಚಳಿಯಲ್ಲಿ ಹಣೆ ಬೆವೆತಿತ್ತು. ಬಾವುಟದ ಕಂಬ ಹಿಡಿದುಕೊಂಡು, "ಗಾಡಿ ಬಂತೇನು? ಚೀಲ ಇಳಿಸ್ರಿ," ಅಂದರು. ಅಂಗಡಿಯಲ್ಲಿ ಇದ್ದೇನೆ ಅಂದುಕೊಂಡಿದ್ದರು. ನನ್ನನ್ನು ನೋಡಿದರು, ಆದರೆ ಗುರುತು ಹಿಡಿಯಲಿಲ್ಲ. ಯಂತ್ರದಲ್ಲಿ ನಲವತ್ತಾರು. ಅವಸರಕ್ಕೆ ಮೊದಲ ಪೊಟ್ಟಣ ಅಡ್ಡಡ್ಡ ಹರಿದು ಸಕ್ಕರೆಯೆಲ್ಲ ಗಾಳಿಗೆ ಹೋಯಿತು.

ಖಾಜಾಸಾಬ್ ಅವರನ್ನು ಕೂರಿಸಿ ತಲೆಯನ್ನು ತಮ್ಮ ಎದೆಗೆ ಆನಿಸಿಕೊಂಡರು. ತಮ್ಮ ನೀರಿನ ಬಾಟಲಿ ಮುಂದೆ ಮಾಡಿದರು. ಅದರ ಮುಚ್ಚಳದಲ್ಲಿ ಸಕ್ಕರೆ ಕದಡಿ ಕಾಕಾನ ತುಟಿಗೆ ಹಿಡಿದೆ. ಏನೆಂದು ತಿಳಿಯದೆ ಮಗುವಿನ ಹಾಗೆ ಗುಟುಕರಿಸಿದರು. ನಾಲ್ಕು ಪೊಟ್ಟಣ, ಎಂಟು ಇಪ್ಪತ್ತಾರರಿಂದ ಎಂಟು ಮೂವತ್ತೆರಡರ ತನಕ. ಮೂವತ್ತೈದು ವರ್ಷದ ನೇಮ ಅದು. ಮುರಿಯುತ್ತಿದ್ದೇನೆ ಎಂದು ಒಂದೊಂದು ಮುಚ್ಚಳಕ್ಕೂ ಗೊತ್ತಿತ್ತು ನನಗೆ.

ಎಂಟು ಐವತ್ತಕ್ಕೆ ಎಂಬತ್ತೊಂದು. ಕಾಕಾ ಕಣ್ಣು ಉಜ್ಜಿಕೊಂಡು, "ಯಾಕ ಕುಂತೀವಿ ಇಲ್ಲಿ?" ಅಂದರು. ಖಾಜಾಸಾಬ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು, ಹೇಳಬೇಡ ಎಂಬಂತೆ.

ಅಷ್ಟರಲ್ಲಿ ದೂರದಲ್ಲಿ ಮೈಕಲ್ ಕೈ ಎತ್ತಿದ್ದು ಕಂಡಿತು. ಮೂರನೆಯ ಕುಣಿಯ ಹಿಂದಿನ ಎತ್ತರದ ಹುಲ್ಲಿನಲ್ಲಿ ನಿಂತಿದ್ದ. ಕರಡಿಗೆ ಅವನ ಬೂಟಿನಿಂದ ಒಂದು ಗೇಣು ಆಚೆ ಬಿದ್ದಿತ್ತು. ಅವನು ಮುಟ್ಟಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾವಲು ನಿಂತಿದ್ದ. ಕಾಕಾ ಅಲ್ಲೇ ಹುಲ್ಲಿನ ಮೇಲೆ ಕೂತು, ಎಡಗೈಯಲ್ಲಿ ಲಿಂಗವಿಟ್ಟು, ಕಿಸೆಯಲ್ಲಿದ್ದ ವಿಭೂತಿ ಹಚ್ಚಿ ಪೂಜೆ ಮಾಡಿದರು. ಹಿಂದೆ ಆಡಲು ಬಂದ ನಾಲ್ವರು ಬಿಳಿಯರು ಕೋಲು ಊರಿಕೊಂಡು ಹದಿನೇಳು ನಿಮಿಷ ಕಾದರು.

ನನ್ನ ಅಂಜಿಕೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಊಟದಲ್ಲಿ ಕಾಕಾ ಇಡೀ ಗುಂಪಿಗೆ ಕತೆ ಹೇಳಿದರು. "ಸೂಜಿ ತೊಗೊಂಡೇನಿ, ಎರಡು ತಾಸು ಅಡ್ಡಾಡೇನಿ, ಒಂದ ಹನಿ ನೀರು ಮುಟ್ಟಿಲ್ಲ. ಏನಾತು ನನಗ? ಲಿಂಗ ಕಾಯ್ತು. ಊರಿಗಿ ಹೋಗಿ ಎಲ್ಲಾರಿಗೂ ಹೇಳತೇನಿ. ಶ್ರಾವಣ ಸೋಮವಾರ ಪೂರಾ ಉಪಾಸ ಹಿಡಿಯಾಂವ ಇದ್ದೇನಿ, ಈ ಡಾಕ್ಟರ ಮಂದಿ ಸುಮ್ಮನ ಅಂಜಸ್ತಾರ."

ಅವತ್ತು ದಿನಚರಿಯಲ್ಲಿ ಹೆಸರು ಬರೆಯುತ್ತ ಹೋದೆ. ನಮ್ಮ ಅಂಗಡಿಯ ಕಟ್ಟೆಗೆ ಬಂದು ಕೂರುವವರಲ್ಲಿ ಸೂಜಿ ತೆಗೆದುಕೊಳ್ಳುವವರು ಆರು ಜನ. ಆರೂ ಜನ ಕಾಕಾನ ಮಾತು ನಂಬುವವರು.

ಹದಿಮೂರಕ್ಕೆ ದೋಣಿ, ಒಂದು ಪಾಳು ಮಠ. ಏನು ನೋಡಿದೆನೋ ನೆನಪಿಲ್ಲ. ಹದಿನಾಲ್ಕಕ್ಕೆ ಮೊಹರ್ ಕಡಲ ಬಂಡೆಗಳಿಗೆ ಹೋದೆವು. ನೆಲ ಒಮ್ಮೆಲೇ ಮುಗಿದು ಇನ್ನೂರು ಮೀಟರ್ ಕೆಳಗೆ ಸಮುದ್ರ. ಫರಸಿ ನಿಲ್ಲಿಸಿ ಮಾಡಿದ ಗೋಡೆಯ ಬಳಿ ಕಾಕಾ ಒಬ್ಬರೇ ನಿಂತಿದ್ದರು. ಇನ್ನೂ ತಡೆದರೆ ನಾನು ಯಾವತ್ತೂ ಹೇಳುವುದಿಲ್ಲ ಎಂದು ನನಗೇ ತಿಳಿಯಿತು.

"ಕಾಕಾ, ಅವತ್ತ ನಿಮಗ ಸಕ್ರಿ ಕುಡಿಸೇನಿ."

"ಯಾವಾಗ?"

"ಎಂಟು ಇಪ್ಪತ್ತಾರಕ್ಕ. ಲಿಂಗ ಸಿಗೂಕಿಂತ ಮೊದಲ. ನಿಮಗ ಎಚ್ಚರ ಇದ್ದಿಲ್ಲರಿ."

ದಿನಚರಿ ಬಿಚ್ಚಿ ಆ ಪುಟ ತೋರಿಸಿದೆ. ಗಾಳಿಗೆ ಹಾಳೆ ಹಾರುತ್ತಿತ್ತು, ಬೆರಳಿನಿಂದ ಒತ್ತಿ ಹಿಡಿದು ಓದಿದರು. ನಲವತ್ತಾರು ಎಂಬ ಸಾಲನ್ನು ಎರಡು ಸಲ ಓದಿದರು.

"ನೀರು ಯಾರದು?"

"ಖಾಜಾ ಚಾಚಾಂದು."

ಪುಸ್ತಕವನ್ನು ನನ್ನ ಕೈಗಿಟ್ಟು ಬಂಡೆಯ ಅಂಚಿನ ದಾರಿ ಹಿಡಿದು ನಡೆದರು. ಹತ್ತು ಹೆಜ್ಜೆ ಹಿಂದೆ ನಾನು. ಅವರು ಅಂಚಿನ ಕಡೆಗೆ ಹೆಜ್ಜೆ ಇಟ್ಟಾಗಲೆಲ್ಲ ನಾನು ಒಂದು ಹೆಜ್ಜೆ ಹತ್ತಿರ ಹೋಗುತ್ತಿದ್ದೆ. ಅವತ್ತು ಮತ್ತು ಮರುದಿನ ಸೇರಿ ನನ್ನ ಜೊತೆ ಆಡಿದ್ದು ಏಳು ಮಾತು. ಪೂಜೆಗೆ ಕೂತರೆ ಅರ್ಧ ತಾಸು ಏಳಲಿಲ್ಲ.

ಹದಿನೈದರ ಸಂಜೆ ಡಬ್ಲಿನ್ ನಿಲ್ದಾಣದ ಸಾಲಿನಲ್ಲಿ, ನಾನು ಹೇಳಿಬಿಟ್ಟದ್ದು ತಿಳಿದಿದ್ದ ಖಾಜಾಸಾಬ್ ಕಾಕಾನ ಪಕ್ಕಕ್ಕೆ ಬಂದು ಬಾಟಲಿ ಚಾಚಿದರು. "ಮಲ್ಲಣ್ಣ, ನನ್ನ ನೀರು. ಈ ಸಲ ಕೇಳಿ ಕೊಡಾಕತ್ತೇನಿ."

ಕಾಕಾ ಬಾಟಲಿ ನೋಡಿದರು, ಅವರ ಮುಖ ನೋಡಿದರು. ಆಮೇಲೆ ಇಸಿದುಕೊಂಡು ಅರ್ಧ ಕುಡಿದು, ಬಾಯಿ ಒರೆಸಿಕೊಂಡು, "ಆಳಂದದವರ ನೀರಿನ್ಯಾಗೂ ಉಪ್ಪ ಇರತದ," ಎಂದು ಹಳೆಯ ರೀತಿಯಲ್ಲೇ ಕೆಣಕಿದರು. ನನ್ನ ಕಡೆ ನೋಡದೆ ಸಾಲಿನಲ್ಲಿ ಮುಂದೆ ಸರಿದರು.

ಹದಿನೇಳರಂದು ಜೇವರ್ಗಿ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆದಾಗ ಕಟ್ಟೆಯ ಮೇಲೆ ಒಂಬತ್ತು ಜನ ಕಾಯುತ್ತಿದ್ದರು. ವಿದೇಶದ ಸುದ್ದಿ ಕೇಳಬೇಕಿತ್ತು ಅವರಿಗೆ. ನಾನು ಒಳಗೆ ಬೀಜದ ಚೀಲಗಳ ಹಿಂದೆ ನಿಂತೆ. ಕಾಕಾ ಚಿಣಿಪಣಿ ಹೇಳಿದರು, ಕುರಿ ಹೇಳಿದರು, ಕರಡಿಗೆ ಬಿದ್ದದ್ದು ಹೇಳಿದರು, ಸೂಜಿ ಹೇಳಿದರು. ಅಲ್ಲಿ ತಡೆದರು. ನಾನು ಚೀಲದ ಕಿವಿ ಗಟ್ಟಿಯಾಗಿ ಹಿಡಿದುಕೊಂಡೆ.

"ಆಮ್ಯಾಲ ನನಗ ಎಚ್ಚರ ತಪ್ಪಿತು. ಹೊಂಟೇ ಹೋಗಾಂವ ಇದ್ದೆ. ನಮ್ಮ ಲೀಲಾ ಸಕ್ರಿ ನೀರು ಕುಡಿಸಿದ್ಲು."

ಸೂಜಿ ತೆಗೆದುಕೊಳ್ಳುವ ಆರು ಜನರಲ್ಲಿ ಒಬ್ಬರಾದ ಸಿದ್ದಣ್ಣ ಮೆಲ್ಲಗೆ ಕೇಳಿದರು: "ಲಿಂಗ ಇಲ್ಲದನ? ಹಂಗಾರ ನಿಮ್ಮ ನೇಮ ಮುರೀತಲ್ಲರಿ ಮಲ್ಲಣ್ಣ."

"ಮುರೀತು," ಅಂದರು ಕಾಕಾ. "ಮಠದ ಅಯ್ಯನವರ ಮುಂದ ಹೋಗಿ ಹೇಳಿ ಬರತೇನಿ, ನಾನ ಹೇಳತೇನಿ. ಸಿದ್ದಣ್ಣ, ನೀ ಇವತ್ತ ಸೂಜಿ ತೊಗೊಂಡಿಯೇನು?"

"ಹೌದ್ರಿ."

"ನಾಷ್ಟಾ?"

"ಇನ್ನೂ ಇಲ್ಲ. ನಿಮ್ಮ ಸುದ್ದಿ ಕೇಳಿ ಹೋಗಬೇಕಂತ..."

ಕಾಕಾ ಕಟ್ಟೆಯಿಂದ ಎದ್ದು, ಒಳಗೆ ನನ್ನ ಕಡೆ ತಿರುಗಿದರು. "ಲೀಲಾ, ಇವಗ ಏನರ ತಿನಿಸು ಬೇ ಮೊದಲ. ಬ್ಯಾಡ ಅಂದ್ರೂ ಬಿಡಬ್ಯಾಡ."