ಮೂರನೇ ಬೋಗಿಯ ಹೆಂಗಸು

ಮದುವೆಯಾಗಿ ಜಯನಗರದ ಆ ರಸ್ತೆಗೆ ಬಂದ ಮೊದಲ ವರ್ಷ ನನಗೆ ಯಾರ ಪರಿಚಯವೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ರಸ್ತೆ ಯಡಿಯೂರು ಕೆರೆಯ ಕಡೆಗೆ ಇಳಿಯುತ್ತಿತ್ತು. ಹತ್ತಾರು ಮನೆ, ನಡುನಡುವೆ ಲಂಟಾನ ಬೆಳೆದ ಖಾಲಿ ಸೈಟುಗಳು. ಗಂಡ ಫ್ಯಾಕ್ಟರಿ ಬಸ್ಸು ಹತ್ತಿ ಹೋದರೆ ಸಂಜೆಯವರೆಗೆ ನಾನು, ಅತ್ತೆ, ರೇಡಿಯೊ ಅಷ್ಟೇ.

ಆ ದಸರೆಗೆ ರಸ್ತೆಯವರೆಲ್ಲ ಸೇರಿ ಒಂದೇ ಕಡೆ ಗೊಂಬೆ ಕೂರಿಸೋಣ ಎಂದು ಹೊರಟವರು ಪಕ್ಕದ ಮನೆಯ ಗಾರ್ಡ್ ಸಾರ್. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. "ಪಟ್ಟದ ಗೊಂಬೆ ಮೇಲಿರ್ಲಿ. ಕೆಳಗಡೆ ಪೂರ್ತಿ ರೈಲು ಓಡ್ಬೇಕು. ಒಂದು ಸ್ಟೇಷನ್ನು, ಒಂದು ಗುಡ್ಡ, ಗುಡ್ಡದೊಳಗೆ ಸುರಂಗ" ಎಂದರು. ಅವರ ನಡುಮನೆಯಲ್ಲಿ ಹಲಗೆ ಜೋಡಿಸಿದರು. ನನ್ನ ಗಂಡ ತಗಡಿನ ಪಟ್ಟಿ ಕತ್ತರಿಸಿ ಹಳಿ ಮಾಡಿದರು, ಇಂಜಿನ್ನಿಗೆ ಸಣ್ಣ ಮೋಟಾರು ಕೂರಿಸಿದರು, ರಟ್ಟಿನ ನಾಲ್ಕು ಬೋಗಿಗಳಿಗೆ ತೆಗೆದಿಡುವ ಹಾಗೆ ಛಾವಣಿ ಮಾಡಿದರು. ಒಬ್ಬರು ಟ್ರೇಗಳಲ್ಲಿ ರಾಗಿ ಪೈರು ಬೆಳೆಸಿ ತಂದರು. ಇನ್ನೊಬ್ಬರ ಮನೆಯ ಕನ್ನಡಿ ಕೆರೆಯಾಯಿತು. ಹಳೆಯ ಬುಟ್ಟಿಯ ಮೇಲೆ ಪೇಪರು ಅಂಟಿಸಿ ಗುಡ್ಡ ಎಬ್ಬಿಸಿದರು. ನೆಲಕ್ಕೆಲ್ಲ ಬಣ್ಣ ಹಾಕಿದ ಮರದ ಹೊಟ್ಟು.

ಪ್ರಯಾಣಿಕರು ನನ್ನ ಪಾಲಿಗೆ ಬಂದರು. ತವರಿನಲ್ಲಿ ತಂತಿ ಬಗ್ಗಿಸಿ ಗೊಂಬೆ ಮಾಡುತ್ತಿದ್ದೆ ಎಂದು ಅತ್ತೆ ಎಲ್ಲರಿಗೂ ಹೇಳಿಬಿಟ್ಟಿದ್ದರು. ಮನೆಮನೆಯಿಂದ ಬಟ್ಟೆ ಚೂರುಗಳನ್ನೂ ಅವರೇ ಒಂದು ಚೀಲದಲ್ಲಿ ತಂದುಕೊಟ್ಟರು. ಒಂದು ವಾರ ಕೂತು ಕಿರುಬೆರಳುದ್ದದ ಇಪ್ಪತ್ತು ಜನರನ್ನು ಮಾಡಿದೆ. ಟವೆಲು ಸುತ್ತಿದ ಕೂಲಿ, ಕಡಲೆಕಾಯಿ ಮಾರುವವಳು, ಟೋಪಿಯ ತಾತ. ಕೊನೆಯವಳಿಗೆ ತಂತಿ ಸಾಲದಾಯಿತು. ಒಂದು ಕಾಲು ಗಿಡ್ಡವಾದ್ದರಿಂದ ಆ ಪಾದವನ್ನು ಇನ್ನೊಂದು ಪಾದದ ಮೇಲೆ ಮಡಿಸಿ ನಿಲ್ಲಿಸಿದೆ. ಹಳದಿ ಚುಕ್ಕಿಯ ಹಸಿರು ಬಟ್ಟೆ ಉಡಿಸಿದೆ. ಕೊಡೆ ಬಿಚ್ಚಲು ಬರಲಿಲ್ಲ, ಮಡಿಸಿದ ಕೊಡೆಯನ್ನೇ ಕೈಗೆ ಕೊಟ್ಟು ಪ್ಲಾಟ್‌ಫಾರಂ ತುದಿಯಲ್ಲಿ ಮೇಣ ಹಾಕಿ ನಿಲ್ಲಿಸಿದೆ.

ಮೊದಲ ದಿನವೇ ಕುಂಕುಮಕ್ಕೆ ಬಂದ ಹೆಂಗಸರಿಂದ ನಡುಮನೆ ತುಂಬಿಹೋಯಿತು. ಕೊನೆಯ ಮನೆಯ ಟೀಚರಮ್ಮನೂ ಬಂದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಅವರು ತಮ್ಮನ ಸಂಸಾರದ ಜೊತೆ ಇದ್ದರು. ಯಾರ ಮನೆಗೂ ಹೆಚ್ಚಾಗಿ ಹೋಗುತ್ತಿರಲಿಲ್ಲ. ರೈಲು ನೋಡಲು ಬಗ್ಗಿದವರು ಹಾಗೇ ನೆಲದ ಮೇಲೆ ಕೂತುಬಿಟ್ಟರು.

"ಇವಳನ್ನ, ಈ ಕೊಡೆಯವಳನ್ನ, ಯಾರು ಮಾಡಿದ್ದು?"

ನಾನು ಎಂದೆ.

"ಎಲ್ಲಿ ನೋಡಿದ್ದೆ ಇವಳನ್ನ?"

"ಎಲ್ಲೂ ಇಲ್ಲ ಟೀಚರಮ್ಮ. ಸುಮ್ನೆ ಮಾಡಿದ್ದು."

"ಬಟ್ಟೆ ನಮ್ಮನೇದೇ. ನಾನೇ ನಿಮ್ಮತ್ತೆಗೆ ಕೊಟ್ಟಿದ್ದು. ಅದು ಸರಿ. ಆದ್ರೆ ಕಾಲು? ಹಿಂಗೆ ಕಾಲ ಮೇಲೆ ಕಾಲಿಟ್ಟು ನಿಲ್ತಿದ್ಲು ಅಂತ ಯಾರು ಹೇಳಿದ್ರು ನಿಂಗೆ?"

ತಂತಿ ಸಾಲಲಿಲ್ಲ ಎಂದು ಹೇಳಲು ಹೋದೆ. ಅಷ್ಟರಲ್ಲಿ ಅವರು ಎದ್ದು ಹೊರಟಿದ್ದರು.

ಮಾರನೆಯ ದಿನ ನಾಲ್ಕು ಗಂಟೆಗೇ ಬಂದು ಕೂತರು. ರೈಲು ಸುತ್ತುವುದನ್ನು ನೋಡುತ್ತಾ, ಪಾಠ ಒಪ್ಪಿಸುವವರ ಹಾಗೆ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು. ಗೊಂಬೆಯಲ್ಲಿ ಅವರು ಕಂಡದ್ದು ತಂಗಿಯನ್ನು. ಮೊದಲ ಕೆಲಸದ ಊರಿನಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದರಂತೆ. ಒಂದು ದಿನ ಮಾತಿಗೆ ಮಾತು ಬೆಳೆದು, "ಹೋಗು, ಅಪ್ಪನ ಮನೆಗೇ ಹೋಗು" ಎಂದು ಇವರು ಬಾಗಿಲು ಹಾಕಿಕೊಂಡರಂತೆ. ತಂಗಿ ಕೊಡೆ ಹಿಡಿದು ಸ್ಟೇಷನ್ನಿಗೆ ಹೋದದ್ದನ್ನು ಒಬ್ಬ ಕೂಲಿ ನೋಡಿದ್ದ. ರೈಲು ಬಂತು, ಹೋಯಿತು. ಹತ್ತಿದ್ದನ್ನು ಯಾರೂ ನೋಡಲಿಲ್ಲ. ಊರು ತಲುಪಲೂ ಇಲ್ಲ. ಎಲ್ಲೆಲ್ಲೋ ಹುಡುಕಿಸಿದರು, ಏನೂ ತಿಳಿಯಲಿಲ್ಲ.

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ರೈಲು ಸ್ಟೇಷನ್ನಿಗೆ ಬಂದು ನಿಂತಿತು. ಮೂರನೇ ಬೋಗಿಯ ಬಾಗಿಲು ಸರಿಯಾಗಿ ಹಸಿರು ಸೀರೆಯವಳ ಮುಂದೆ.

ಆ ದಿನಗಳಲ್ಲಿ ಕರೆಂಟು ಹೋಗುವುದೇನೂ ವಿಶೇಷವಲ್ಲ. ಆದರೆ ಮರುದಿನವೂ ಅಲ್ಲೇ ನಿಂತಿತು, ಅದರ ಮರುದಿನವೂ ಅಲ್ಲೇ. ಹೆಂಗಸರು ಪಿಸುಗುಟ್ಟತೊಡಗಿದರು. "ಹಲಗೆ ಅಲ್ಲಿ ಸ್ವಲ್ಪ ಬಗ್ಗಿದೆ ಕಣ್ರಮ್ಮಾ, ಉರುಳ್ಕೊಂಡು ಬಂದು ನಿಲ್ಲುತ್ತೆ ಅಷ್ಟೇ" ಎಂದು ಗಾರ್ಡ್ ಸಾರ್ ನಕ್ಕರು. ನನ್ನ ಗಂಡ ಹಲಗೆಯ ಕೆಳಗೆ ಚಕ್ಕೆ ಕೊಟ್ಟು ಮಟ್ಟ ಮಾಡಿದರು. ನಾಲ್ಕನೆಯ ದಿನವೂ ರೈಲು ಅಲ್ಲೇ ನಿಂತಿತು. ಆಮೇಲೆ ಗಾರ್ಡ್ ಸಾರ್ ನಗಲಿಲ್ಲ. ಕರೆಂಟು ಬಂದು ರೈಲು ಹೊರಟಾಗ ಟೀಚರಮ್ಮ ಪ್ರತಿಸಲವೂ ಉಸಿರು ಬಿಡುತ್ತಿದ್ದರು. "ಇವತ್ತೂ ಹತ್ತಲಿಲ್ಲ."

ವಿಜಯದಶಮಿಯ ಮಧ್ಯಾಹ್ನ, ಗೊಂಬೆ ಮಲಗಿಸುವ ಮುಂಚೆ, ಕೊನೆಯ ಸುತ್ತು ಓಡಿಸೋಣ ಎಂದು ಸೇರಿದೆವು. ನಾವು ಐವರೇ ಇದ್ದೆವು: ಗಾರ್ಡ್ ಸಾರ್, ನನ್ನ ಗಂಡ, ಅತ್ತೆ, ಟೀಚರಮ್ಮ, ನಾನು.

"ನಿನ್ನ ಕೈಯಲ್ಲೇ ಹತ್ತಿಸಿಬಿಡಮ್ಮ," ಎಂದರು ಟೀಚರಮ್ಮ. "ನಾನಂತೂ ಅವತ್ತು ಬಾಗಿಲು ತೆಗೀಲಿಲ್ಲ."

ಮೇಣ ಬಿಡಿಸಿದೆ. ತಂತಿ ತಣ್ಣಗಿತ್ತು. ಕಾಲು ಮಡಿಸಿ, ಮೂರನೇ ಬೋಗಿಯಲ್ಲಿ ಕಿಟಕಿಯ ಪಕ್ಕ ಕೂರಿಸಿ, ಛಾವಣಿ ಮುಚ್ಚಿದೆ. ಕಿಟಕಿಯಲ್ಲಿ ಹಸಿರು ಕಾಣುತ್ತಿತ್ತು, ಐವರೂ ನೋಡಿದೆವು. ಗಾರ್ಡ್ ಸಾರ್ ಎದ್ದು ನಿಂತು, ತಮಾಷೆಯ ಲವಲೇಶವಿಲ್ಲದೆ, ಹಸಿರು ಬಾವುಟ ಬೀಸಿದರು. ರೈಲು ಕನ್ನಡಿಯ ಕೆರೆ ದಾಟಿ ಸುರಂಗಕ್ಕೆ ಹೊಕ್ಕಿತು.

ಹೊರಬಂದಾಗ ಕಿಟಕಿ ಖಾಲಿ ಇತ್ತು.

ಬಿದ್ದಿರಬೇಕು ಎಂದು ನನ್ನ ಗಂಡ ರೈಲು ನಿಲ್ಲಿಸಿ ಛಾವಣಿ ತೆಗೆದರು. ಬೋಗಿಯಲ್ಲಿ ಏನೂ ಇಲ್ಲ. ಗುಡ್ಡ ಎತ್ತಿದೆವು. ಹಳಿ ಬಿಟ್ಟರೆ ಏನೂ ಇಲ್ಲ. ಹೊಟ್ಟನ್ನೆಲ್ಲ ಜರಡಿ ಹಿಡಿದೆವು. ಒಂದು ಪಿನ್ನು, ಎರಡು ಹುಣಸೆಬೀಜ ಸಿಕ್ಕವು. ನಾನು ಅತ್ತೆಯ ಸೆರಗು ಹಿಡಿದುಕೊಂಡೆ. ಅತ್ತೆ "ಇಲಿ ಎಳ್ಕೊಂಡು ಹೋಗಿರುತ್ತೆ" ಎಂದರು. ಅಷ್ಟರೊಳಗೆ ಯಾವ ಇಲಿ ಎಂದು ಯಾರೂ ಕೇಳಲಿಲ್ಲ.

ಟೀಚರಮ್ಮ ಮಾತ್ರ ಕದಲಲಿಲ್ಲ. ಸುರಂಗವಿದ್ದ ಜಾಗವನ್ನೇ ನೋಡುತ್ತಾ ಮೆಲ್ಲಗೆ, "ಹತ್ತಿದ್ಲಲ್ಲ, ಅಷ್ಟು ಸಾಕು. ಎಲ್ಲಿ ಇಳಿದ್ಲೋ ಅವಳಿಷ್ಟ" ಎಂದರು. ಎದ್ದು ನೇರ ಮನೆಗೆ ಹೋದರು. ಅಷ್ಟು ಹಗುರಾಗಿ ಅವರು ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಬ್ಬ ಮುಗಿದ ಮೇಲೆ ಹಲಗೆ, ಬುಟ್ಟಿ, ಬಟ್ಟೆ ಎಲ್ಲವನ್ನೂ ಒಂದೊಂದಾಗಿ ಕೊಡವಿ ಎತ್ತಿಟ್ಟೆವು. ನಡುಮನೆ ತೊಳೆದೆವು. ಅವಳು ಸಿಗಲಿಲ್ಲ. ಗಾರ್ಡ್ ಸಾರ್ ರೈಲನ್ನು ಅಟ್ಟಕ್ಕೆ ಹಾಕಿದರು, ಮತ್ತೆ ಇಳಿಸಲಿಲ್ಲ.

ತಂಗಿ ಇದ್ದಾಳೋ ಇಲ್ಲವೋ ಗೊತ್ತಿಲ್ಲದೆ ಟೀಚರಮ್ಮ ಅಷ್ಟು ವರ್ಷ ಅವಳ ಹೆಸರಿನಲ್ಲಿ ಏನೂ ಮಾಡಿಸಿರಲಿಲ್ಲ. ಮುಂದಿನ ವರ್ಷ ಮಹಾಲಯ ಅಮಾವಾಸ್ಯೆಗೆ ಮೊದಲ ಸಲ ಎಡೆ ಇಟ್ಟರು. ನನ್ನನ್ನು ಊಟಕ್ಕೆ ಕರೆದರು. ಅವಳಿಗೆ ಇಷ್ಟವಿತ್ತೆಂದು ಹೆಸರುಬೇಳೆ ಪಾಯಸ ಮಾಡಿದ್ದರು. ಎಡೆಯ ಪಕ್ಕದಲ್ಲೇ ನನಗೂ ಎಲೆ ಹಾಕಿದರು. ಬೇಡ ಎನ್ನಲಾಗದೆ ಕೂತೆ. ಊಟ ಮುಗಿಯುವವರೆಗೆ ನನ್ನನ್ನೇ ನೋಡುತ್ತಿದ್ದರು.

ಹೊರಡುವಾಗ ಬಾಗಿಲವರೆಗೂ ಬಂದು ನನ್ನ ಕೆನ್ನೆ ಸವರಿದರು.

"ನಿನ್ನ ಮೇಲೆ ನಂಗೆ ಕೋಪ ಇಲ್ಲ ಕಣೇ. ಅವತ್ತೂ ಇರಲಿಲ್ಲ."

ನನ್ನ ಜೊತೆ ಮಾತಾಡುತ್ತಿದ್ದರೋ, ಬೇರೆ ಯಾರ ಜೊತೆಯೋ ತಿಳಿಯಲಿಲ್ಲ. "ಗೊತ್ತು" ಎಂದೆ. ಹಾಗೆ ಅನ್ನಬೇಕೆಂದು ಯಾಕೆ ಅನ್ನಿಸಿತೋ ಇವತ್ತಿಗೂ ಗೊತ್ತಿಲ್ಲ. ಅವರು ತಲೆಯಾಡಿಸಿ, ಬಾಗಿಲು ತೆರೆದೇ ಬಿಟ್ಟು, ಒಳಗೆ ಹೋದರು.