ಶನಿವಾರದ ಸಂತೆಯ ಬಿಳಿ ಮುದ್ದೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮುದ್ದೆ ಕೋಲು ತೂಗುತ್ತದೆ. ಮದ್ದೂರಿನಿಂದ ಆಕ್ಲೆಂಡಿಗೆ ನನ್ನ ಬಟ್ಟೆಗಳ ನಡುವೆ ಮಲಗಿ ಬಂದದ್ದು. ಮರದ ಸಾಮಾನು ಎಂಬ ಕಾರಣಕ್ಕೆ ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಹೊರಳಿಸಿ ಹೊರಳಿಸಿ ಹುಳು ಹುಡುಕಿ, ಕೊನೆಗೆ ಇದು ಯಾವ ಆಟದ್ದು ಎಂದು ಕೇಳಿದ್ದ. ಊಟದ್ದು ಎಂದೆ. ಅಂದಿನಿಂದ ಮೌಂಟ್ ರಾಸ್ಕಿಲ್‌ನ ಈ ಬಾಡಿಗೆ ಮನೆಯಲ್ಲಿ ಪ್ರತಿ ಭಾನುವಾರ ನಾನೇ ರಾಗಿಹಿಟ್ಟು ಬೇಯಿಸಿ, ನಾನೇ ತೊಳಸಿ, ನಾನೇ ಉಂಡೆ ಕಟ್ಟಿ, ನಾನೊಬ್ಬನೇ ನುಂಗುತ್ತ ಬಂದಿದ್ದೇನೆ. ಎದುರಿಗೆ ನನ್ನ ಹೆಂಡತಿ ಶೈಲಾ, ಅನ್ನ ಉಂಡೇ ಬೆಳೆದ ಮೈಸೂರಿನವಳು, ಅದೇ ಸಾರಿಗೆ ಅನ್ನ ಕಲಸಿಕೊಂಡು ಕೂತಿರುತ್ತಾಳೆ. “ಅಗಿಯದೆ ನುಂಗೋದಾ? ನನ್ನ ಗಂಟಲಲ್ಲಿ ಇಳಿಯಲ್ಲ ರೀ” ಎಂಬುದು ಮದುವೆಯಾದಾಗಿನಿಂದ ಅವಳ ಪಲ್ಲವಿ. ಗಂಟಲಿನ ಮೇಲೆ ಯಾರ ಒತ್ತಾಯವೂ ನಡೆಯದೆಂದು ನಾನು ಸುಮ್ಮನಿದ್ದೆ. ಆಸೆ ಮಾತ್ರ ಬಿಟ್ಟಿರಲಿಲ್ಲ; ಆಗಾಗ ಒಂದು ತುತ್ತು ಅವಳ ತಟ್ಟೆಗಿಟ್ಟು ಕಾಯುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ ಸೊಪ್ಪು ತರಲೆಂದು ನ್ಯೂ ಲಿನ್ ಕಡೆಯ ಸಂತೆಗೆ ಹೋದೆವು. ಕೊನೆಯ ಸಾಲಿನಲ್ಲಿ ನೀಲಿ ಟಾರ್ಪಾಲಿನಡಿ ಹೊಸದೊಂದು ಊಟದ ಅಂಗಡಿ ಎದ್ದಿತ್ತು. ನಡೆಸುವವರು ಗಂಡ ಹೆಂಡತಿ. ಅವಳು ಘಾನಾದವಳು, ಅವನು ಜಮೈಕಾದವನು. ಅವಳ ಪಾಲಿನದು ಕಡಲೆಕಾಯಿ ಸಾರು ಮತ್ತು ಫುಫು ಎಂಬ ಬಿಳಿಯ ಉಂಡೆ. ಅವನ ಪಾಲಿನದು ಕೆಂಡದ ಮೇಲೆ ಸುಟ್ಟ ಖಾರದ ಕೋಳಿ, ತೆಂಗಿನ ಹಾಲಿನಲ್ಲಿ ಬೆಂದ ಕಾಳಿನ ಅನ್ನ. ಕರಿದ ಬಾಳೆಹಣ್ಣು ಮಾತ್ರ ತನ್ನ ಊರಿನದೇ ಎಂದು ಇಬ್ಬರೂ ನಗುನಗುತ್ತ ಜಗಳವಾಡುತ್ತಿದ್ದರು.

ನಾನು ಕೋಳಿ ಕೇಳಿದೆ. ಶೈಲಾ ಬಿಳಿಯ ಉಂಡೆಯತ್ತ ಬೆರಳು ತೋರಿಸಿದಳು. ಆಲೂಗಡ್ಡೆ ಪುಡಿಗೆ ರವೆ ಸೇರಿಸಿ ಕುದಿನೀರಿನಲ್ಲಿ ಮರದ ಕೋಲಿನಿಂದ ತೊಳಸಿದ್ದು, ಬೆರಳಲ್ಲಿ ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಬೇಕು ಎಂದಳು ಅಂಗಡಿಯಾಕೆ. ನಾನು ಒಳಗೊಳಗೇ ನಕ್ಕೆ. ಈ ಗಂಟಲಿನ ಚರಿತ್ರೆ ಪಾಪ ಆಕೆಗೇನು ಗೊತ್ತು?

ಇಳಿಯಿತು. ಮೊದಲ ತುತ್ತು ಇಳಿಯಿತು, ಎರಡನೆಯದೂ ಅದರ ಹಿಂದೆಯೇ ಹೋಯಿತು. “ರೀ, ಬೆಣ್ಣೆ ಥರ ಇಳಿಯತ್ತೆ ನೋಡಿ!” ಎಂದು ನನ್ನ ಹೆಂಡತಿ ಬೆರಳು ನೆಕ್ಕಿದಳು.

ಗೆಳೆಯರೇ, ಮತ್ತೊಬ್ಬರ ಬಡ್ತಿಗೆ, ಮತ್ತೊಬ್ಬರ ಸಮುದ್ರ ಕಾಣುವ ಕಿಟಕಿಗೆ ನಾನು ಹೊಟ್ಟೆಕಿಚ್ಚು ಪಟ್ಟವನೇ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಒಂದು ಆಲೂಗಡ್ಡೆ ಉಂಡೆಯ ಮೇಲೆ ಇಷ್ಟು ಹೊಟ್ಟೆ ಉರಿದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದರಲ್ಲಿ ಏನಿದೆ? ರಾಗಿಯ ಪರಿಮಳವಿದೆಯೇ, ಸತ್ವವಿದೆಯೇ? ಬೆಳ್ಳಗೆ ನುಣ್ಣಗೆ ಇದೆ, ಅಷ್ಟೇ ತಾನೆ! ಹೀಗೆ ನಾನು ಕುದಿಯುತ್ತಿರುವಾಗಲೇ ಗಿರಾಕಿಗಳು ಕರಗಿ, ಅಂಗಡಿಯ ಗಂಡ ಹೆಂಡತಿ ಒಂದೇ ಬಟ್ಟಲಿಗೆ ಕೈಹಾಕಿ ಉಣ್ಣಲು ಕೂತರು. ಚಿಕ್ಕಂದಿನಲ್ಲೂ ಇದನ್ನು ತಿನ್ನುತ್ತಿದ್ದೆಯಾ ಎಂದು ಅವನನ್ನು ಕೇಳಿದೆ. ಇಲ್ಲ, ಮದುವೆಯಾದ ಮೇಲೆ ಇವಳಿಂದ ಕಲಿತದ್ದು ಎಂದ. ಉರಿಗೆ ತುಪ್ಪ ಬಿತ್ತು. ಅವರಿಬ್ಬರ ಊರುಗಳ ನಡುವೆ ಒಂದು ಮಹಾಸಾಗರವೇ ಇದೆ. ಮದ್ದೂರಿಗೂ ಮೈಸೂರಿಗೂ ನಡುವೆ ಇರುವುದು ಮಂಡ್ಯ, ಶ್ರೀರಂಗಪಟ್ಟಣ. ಅಷ್ಟನ್ನು ದಾಟಲು ನಮಗೆ ಇಷ್ಟು ವರ್ಷ ಸಾಲಲಿಲ್ಲವೇ?

ಆಮೇಲಿನ ಶನಿವಾರಗಳಲ್ಲಿ ಸೊಪ್ಪು ನೆಪಕ್ಕೆ ಮಾತ್ರ ಉಳಿಯಿತು. ಅವಳು ಬಿಳಿ ಮುದ್ದೆ ಉಣ್ಣುವಳು, ನಾನು ಓರೆಗಣ್ಣಿನಲ್ಲಿ ಅವಳನ್ನು ನೋಡುತ್ತ ಕೋಳಿಯ ಮೂಳೆ ಕಡಿಯುವೆನು. ಒಂದು ದಿನ ಬಸ್ಸಿನಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ: “ಅವರದ್ದು ಇಳೀತದೆ, ನಂದು ಯಾಕೆ ಇಳಿಯಕ್ಕಿಲ್ಲ?”

ಅವಳು ಸೊಪ್ಪಿನ ಚೀಲವನ್ನು ಕಾಲ ಬಳಿ ಇಳಿಸಿದಳು. “ನಿಮ್ಮನೇಲಿ ನನ್ನ ಮೊದಲನೇ ಊಟ ನೆನಪಿದ್ಯಾ? ಅತ್ತೆ, ನಿಮ್ಮಕ್ಕ, ಪಕ್ಕದ ಮನೆಯವ್ರು ಎಲ್ಲಾ ಸುತ್ತ ನಿಂತು ನನ್ನ ಬಾಯನ್ನೇ ನೋಡ್ತಿದ್ರು. ಅಗಿದೆ ಅಂತ ಎಷ್ಟು ನಕ್ರು! ಈಗ ನೀವೂ ಅಷ್ಟೇ. ಮುದ್ದೆ ತಿರುವಿ ಎದುರಿಗೆ ಕೂತು ನನ್ನ ಗಂಟಲನ್ನೇ ನೋಡ್ತಿರ್ತೀರ. ಆ ಅಂಗಡಿಯಾಕೆ ಬಟ್ಟಲು ಕೊಟ್ಟು ಬೇರೆಯವ್ರ ಕಡೆ ತಿರುಗಿದ್ಲು ರೀ. ಅಷ್ಟೇ.”

ಬಡಿಸಿದ ಮೇಲೆ ಉಣ್ಣುವವರ ಮುಖವನ್ನೇ ನೋಡುವುದು ನಮ್ಮಲ್ಲಿ ಅಕ್ಕರೆಯ ಲಕ್ಷಣ. ನನ್ನ ತಾಯಿ ಹಾಗೆ ನೋಡಿಯೇ ನನ್ನನ್ನು ಬೆಳೆಸಿದಳು. ಆ ನೋಟ ಇನ್ನೊಬ್ಬರ ಗಂಟಲಿಗೆ ಅಡ್ಡ ನಿಂತೀತೆಂದು ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ಹೊಟ್ಟೆಕಿಚ್ಚು ಆರಲಿಲ್ಲ. ಅದು ಅಡುಗೆಯನ್ನು ಬಿಟ್ಟು, ಅಷ್ಟು ಸಲೀಸಾಗಿ ಮುಖ ತಿರುಗಿಸಬಲ್ಲ ಆ ಹೆಂಗಸಿನ ಮೇಲೆ ಹೋಯಿತು.

ಮರುದಿನ ಭಾನುವಾರ. ಎರಡು ಮುದ್ದೆ ಕಟ್ಟಿದೆ. ಒಂದನ್ನು ಶೈಲಾಳ ತಟ್ಟೆಗಿಟ್ಟು, ಬಸ್ಸಾರು ಬಿಟ್ಟು, ಕಿಟಕಿಯ ಬಳಿ ಹೋಗಿ ಅವಳಿಗೆ ಬೆನ್ನು ಮಾಡಿ ನಿಂತೆ. ಪಕ್ಕದ ಮನೆಯವನು ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದ.

“ನೋಡ್ತಿಲ್ಲ ತಾನೆ?”

“ಇಲ್ಲ ಕಣೆ.”

ಒಂದು ಹನಿಮಳೆ ಬಂತು. ಅವನು ಬೈದುಕೊಳ್ಳುತ್ತ ಬಟ್ಟೆಗಳನ್ನೆಲ್ಲ ತೆಗೆದ. ಬಿಸಿಲು ಬಂತು, ಮತ್ತೆ ಹಾಕಿದ. ಕತ್ತು ತಿರುಗಿಸದೆ ನಿಲ್ಲುವುದು ಇಷ್ಟು ಕಷ್ಟವೆಂದು ಯಾರೂ ನನಗೆ ಹೇಳಿರಲಿಲ್ಲ.

“ಮುಂದಿನ ವಾರ ಆಕೆ ಥರ ಕಡಲೆಕಾಯಿ ಸಾರು ಮಾಡೋಣ್ವಾ?” ಎಂದು ಬೆನ್ನ ಹಿಂದೆ ಕೇಳಿತು. ಹೊಟ್ಟೆಯಲ್ಲಿ ಮತ್ತೆ ಸಣ್ಣಗೆ ಉರಿಯಿತು. ಆಗಲಿ ಎಂದು ತಿರುಗಿದೆ. ಅವಳ ತಟ್ಟೆಯಲ್ಲಿ ಅರ್ಧ ಇಳಿದು, ಇನ್ನರ್ಧ ಮುದ್ದೆ ಉಳಿದಿತ್ತು. ಬಾಗಿಲ ಹಿಂದೆ, ಅವಳು ಆಗಲೇ ತೊಳೆದು ತೂಗುಹಾಕಿದ್ದ ಕೋಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಅರ್ಧವನ್ನು ನಾನು ಅವಳ ತಟ್ಟೆಯಿಂದಲೇ ಮುರಿದುಕೊಂಡೆ. ಈ ಸಲ ಅವಳು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು.